ಪ್ರೊಟೊಟೈಪ್‌ಗೆ 3.5 ಲಕ್ಷ ಕೊಡಬಹುದಾ?

ಅಡಿಕೆ ತೋಟದ ಡ್ರಿಪ್ ವಾಲ್ವ್‌ಗಳನ್ನು ಫೋನಿನಿಂದಲೇ ತೆರೆದು ಮುಚ್ಚುವ ಸಾಧನ ನಿಮ್ಮ ಐಡಿಯಾ. ಕೈಲಿ 4 ಲಕ್ಷ ಇದೆ. 'ಮಾರ್ಕೆಟ್‌ಗೆ ರೆಡಿ' ಪ್ರೊಟೊಟೈಪ್ (ಮೊದಲ ಮಾದರಿ) ಮಾಡಿಕೊಡಲು ಒಂದು ಕಂಪನಿ 3.5 ಲಕ್ಷ ಕೇಳುತ್ತಿದೆ, ಕೊಡಬಹುದಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ನಾನು ಹಾಗೆ ಕೊಟ್ಟು ಕೈ ಸುಟ್ಟುಕೊಂಡವನು. ನನ್ನದು ಬೋರ್‌ವೆಲ್ ಮೋಟರ್ ಕಂಟ್ರೋಲರ್. ಒಂದು ಡಿಸೈನ್ ಕಂಪನಿಯವರು ಚೆಂದದ ಡಬ್ಬಿ ಮಾಡಿಕೊಟ್ಟರು. ಟೇಬಲ್ ಮೇಲೆ ಬಲ್ಬ್ ಹಚ್ಚಿ ಆರಿಸಿ ತೋರಿಸಿದರು. ತೋಟದಲ್ಲಿ ಎರಡನೇ ದಿನಕ್ಕೇ ಕೆಟ್ಟು ಕೂತಿತು. ಸರಿ ಮಾಡೋಣ ಅಂದರೆ ಸರ್ಕ್ಯೂಟ್ ನಕ್ಷೆ ನನ್ನ ಹತ್ತಿರ ಇಲ್ಲ, ಕೋಡ್ ಕೂಡ ಇಲ್ಲ. ಕರಾರಿನಲ್ಲಿ ಬರೆಸಿಕೊಂಡಿರಲಿಲ್ಲ. ಮುಂದೆ ಯಾರಿಗಾದರೂ ಕೆಲಸ ಕೊಟ್ಟರೆ ನೀವು ಮೊದಲು ಇದನ್ನು ಬರೆಸಿಕೊಳ್ಳಿ.

ಆಮೇಲೆ ತಿಪಟೂರು ಕಡೆ ಇರುವ ಸೋದರಮಾವನ ತೋಟಕ್ಕೆ ಹೋಗಿ ಒಂದು ವಾರ ಕೂತೆ. ಎಲೆಕ್ಟ್ರಾನಿಕ್ಸ್ ಮುಟ್ಟಲಿಲ್ಲ, ನಾನೇ ಮೆಷೀನ್ ಆದೆ. ಮಾವ ಮನೆಯಿಂದ ಮೆಸೇಜ್ ಹಾಕಬೇಕು, ಸ್ಟಾರ್ಟರ್ ಪಕ್ಕ ಕೂತ ನಾನು ಮೋಟರ್ ಹಾಕಬೇಕು. ಮೂರು ದಿನವಾದರೂ ಒಂದೇ ಒಂದು ಮೆಸೇಜ್ ಬರಲಿಲ್ಲ! ಯಾಕೆ ಬರುತ್ತೆ? ಆಟೋ ಸ್ಟಾರ್ಟರ್ ಇದೆಯಲ್ಲ, ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಓಡುತ್ತೆ. ಮಾವ ರಾತ್ರಿ ಫೋನ್ ಮಾಡಿ ಕೇಳುತ್ತಿದ್ದುದೇ ಬೇರೆ. "ನೀರ್ ಬರ್ತೈತೇನ್ಲಾ?"

ಬೋರ್‌ನಲ್ಲಿ ನೀರು ಕೆಳಗೆ ಹೋದರೂ ಮೋಟರ್ ಓಡುತ್ತಲೇ ಇರುತ್ತೆ. ಕೊನೆಗೆ ಸುಡುತ್ತೆ. ಆಮೇಲೆ ಮೋಟರ್ ಎತ್ತುವ ಗಾಡಿ, ರಿವೈಂಡಿಂಗ್, ಅಷ್ಟು ದಿನ ತೋಟ ಒಣಗೋದು. ಮಾವನಿಗೆ ಬೇಕಿದ್ದುದು ಸ್ವಿಚ್ ಅಲ್ಲ, ನೀರಿಲ್ಲ ಅಂದ ತಕ್ಷಣ ನಿಲ್ಲಿಸಿ ಹೇಳುವ ಸಾಧನ. ನೀರೆತ್ತದ ಮೋಟರ್ ಎಳೆಯುವ ಕರೆಂಟ್ ಕಡಿಮೆ. ವೈರಿಗೆ ಒಂದು ಸಿ.ಟಿ. ಕಾಯಿಲ್ (ಕರೆಂಟ್ ಅಳೆಯುವ ಬಳೆ) ಹಾಕಿದರೆ ಅದು ಗೊತ್ತಾಗಿಬಿಡುತ್ತೆ. ಇಷ್ಟು ತಿಳಿಯಲು ಖರ್ಚಾಗಿದ್ದು ಬಸ್ ಚಾರ್ಜು ಮಾತ್ರ. ನೀವೂ ಮೊದಲು ನಾಲ್ಕು ರಾತ್ರಿ ಯಾರದಾದರೂ ತೋಟದಲ್ಲಿ ಅವರು ಹೇಳಿದಂತೆ ವಾಲ್ವ್ ತಿರುಗಿಸಿ ನೋಡಿ. ಕೈಲಿ ಟಾರ್ಚ್ ಇರಲಿ, ಹಾವು ಗೀವು ಇರುತ್ತೆ.

ಎಲೆಕ್ಟ್ರಾನಿಕ್ಸ್ ಆಮೇಲೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಇಎಸ್‌ಪಿ32 ಬೋರ್ಡು (ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್), ಸಿಮ್ ಮಾಡ್ಯೂಲು, ರಿಲೇ (ಕರೆಂಟಿನಿಂದ ಓಡುವ ಸ್ವಿಚ್) ಎಲ್ಲಾ ಸಿಗುತ್ತೆ. ನಾನು ಅಗ್ಗ ಅಂತ ಸಿಮ್800ಎಲ್ ಅನ್ನೋ ಸಿಮ್ ಮಾಡ್ಯೂಲ್ ತಂದೆ. ನೆಟ್‌ವರ್ಕ್ ಹುಡುಕುವಾಗಲೆಲ್ಲ ರೀಸ್ಟಾರ್ಟ್! ಕೋಡ್‌ನಲ್ಲಿ ತಪ್ಪಿದೆ ಅಂತ ಹತ್ತು ದಿನ ತಲೆ ಕೆಡಿಸಿಕೊಂಡೆ. ತಪ್ಪು ಪವರ್ ಸಪ್ಲೈನಲ್ಲಿತ್ತು. ಆ ಮಾಡ್ಯೂಲ್ ಕ್ಷಣಮಾತ್ರಕ್ಕೆ 2 ಆಂಪಿಯರ್‌ವರೆಗೂ ಎಳೆಯುತ್ತೆ, ಆಗ ವೋಲ್ಟೇಜ್ ಕುಸಿಯುತ್ತೆ. ಅದೂ ಅಲ್ಲದೆ ಅದು ಬರೀ 2ಜಿ, ಜಿಯೋ ಸಿಮ್ ಅದರಲ್ಲಿ ಓಡಲ್ಲ. ನೇರವಾಗಿ 4ಜಿ ಮಾಡ್ಯೂಲ್‌ಗೇ ಹೋಗಿ. ಪ್ರತಿ ವಾಲ್ವ್‌ಗೂ ಸಿಮ್ ಹಾಕಬೇಡಿ. ಸ್ಟಾರ್ಟರ್ ಹತ್ತಿರ ಒಂದು ಸಿಮ್ ಸಾಕು, ಅಲ್ಲಿಂದ ವಾಲ್ವ್‌ಗಳಿಗೆ 865–867 ಮೆಗಾಹರ್ಟ್ಸ್‌ನ ಲೋರಾ (ಸಿಮ್ ಇಲ್ಲದೆ ದೂರಕ್ಕೆ ಸಂದೇಶ ಕಳಿಸುವ ರೇಡಿಯೋ). ವಾಲ್ವ್ ಕೂಡ ಲ್ಯಾಚಿಂಗ್ ಸೊಲೆನಾಯ್ಡ್ (ಕರೆಂಟಿನಿಂದ ತಿರುಗಿ ಆಮೇಲೆ ಅದೇ ಸ್ಥಿತಿಯಲ್ಲಿ ನಿಲ್ಲುವ) ಬಗೆಯದಿರಲಿ. ತೆರೆಯುವಾಗ, ಮುಚ್ಚುವಾಗ ಮಾತ್ರ ಕರೆಂಟ್ ಬೇಕು, ಹಾಗಾಗಿ ಬ್ಯಾಟರಿ ತಾಳುತ್ತೆ.

ಡಬ್ಬಿಗೆ ಮೋಲ್ಡ್ ಮಾಡಿಸಲು ಹೋಗಬೇಡಿ, ಅದು ಲಕ್ಷಗಳ ಮಾತು. ಪಿಎಲ್‌ಎ ಹಾಕಿ 3ಡಿ ಪ್ರಿಂಟ್ ಮಾಡಿಸಿದ ನನ್ನ ಡಬ್ಬಿ ಬೇಸಿಗೆಯಲ್ಲಿ ಹಪ್ಪಳದಂತೆ ಸೊಟ್ಟಗಾಯಿತು. ಆ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತೆ. ಈಗ ಐಪಿ65 (ಧೂಳು, ನೀರಿನ ಎರಚಲು ತಡೆಯುವ) ಜಂಕ್ಷನ್ ಬಾಕ್ಸ್ ತಂದು ತೂತು ಕೊರೆದು ಗ್ಲ್ಯಾಂಡ್ (ವೈರ್ ಸುತ್ತ ಸಂದು ಮುಚ್ಚುವ ಬಿರಡೆ) ಹಾಕುತ್ತೇನೆ. ಗ್ಲ್ಯಾಂಡ್ ಬಿಟ್ಟರೆ ಒಳಗೆ ಇರುವೆ, ಹಲ್ಲಿ ಸಂಸಾರ ಹೂಡುತ್ತವೆ.

ಮಾರ್ಕೆಟ್‌ಗೆ ರೆಡಿಯಾ ಅಂತ ಗೊತ್ತಾಗಿದ್ದು ಮೋಟರ್ ಮೆಕ್ಯಾನಿಕ್ ಮುಂದೆ. ರೈತರು ದುಡ್ಡು ಕೊಡುತ್ತಾರೆ, ನಿಜ. ಆದರೆ ಇಟ್ಟುಕೊಳ್ಳಬೇಕಾ ಬೇಡವಾ ಅನ್ನೋದು ಅವನ ಮಾತು. ಡಬ್ಬಿ ಅವನ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ಕೂತೆ. ಅವನ ದಪ್ಪ ವೈರು ನನ್ನ ಟರ್ಮಿನಲ್ ಒಳಗೆ ಹೋಗಲೇ ಇಲ್ಲ. ಎರಡನೇ ಸಲ ಅವನು ಕೇಳಿದ್ದು "ಇದು ಕೆಟ್ಟೋದ್ರೆ ಡೈರೆಕ್ಟ್ ಹೆಂಗ್ ಮಾಡೋದು ಸಾರ್?" ಬೈಪಾಸ್ ಸ್ವಿಚ್ ಹಾಕಿದ ಮೇಲೆ ಅವನೇ ಇನ್ನೂ ಮೂರು ತೋಟಕ್ಕೆ ಕೇಳಿ ತಗೊಂಡು ಹೋದ.

ಹೊಸತು ಅನ್ನಿಸುವ ಅಂಶ ಏನಾದರೂ ಇದ್ದರೆ ಎಲ್ಲರಿಗೂ ತೋರಿಸುವ ಮೊದಲು ಪ್ರಾವಿಶನಲ್ (ತಾತ್ಕಾಲಿಕ) ಪೇಟೆಂಟ್ ಅರ್ಜಿ ಹಾಕಿ. ಪೂರ್ತಿ ಅರ್ಜಿಗೆ 12 ತಿಂಗಳು ಸಮಯ ಸಿಗುತ್ತೆ. ರೇಡಿಯೋ ಅಲೆ ಬಳಸುವ ವಸ್ತು ಮಾರಲು ಇಟಿಎ (ಕೇಂದ್ರ ಸರ್ಕಾರದ ವೈರ್‌ಲೆಸ್ ಒಪ್ಪಿಗೆ) ಬೇಕು, ಹಾಗಾಗಿ ಮಾಡ್ಯೂಲ್ ಕೊಳ್ಳುವಾಗಲೇ ಅದರ ಸರ್ಟಿಫಿಕೇಟ್ ಕೇಳಿ. ದುಡ್ಡಿಗೆ ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ 2021ರಲ್ಲಿ ಶುರುವಾಗಿತ್ತು, ಈಗಲೂ ಅರ್ಜಿ ತಗೊಳ್ಳುತ್ತಾರಾ ವಿಚಾರಿಸಿ. ಪ್ರೊಟೊಟೈಪ್, ಟ್ರಯಲ್‌ಗೆ 20 ಲಕ್ಷದವರೆಗೆ ಅನುದಾನ ಕೊಡುತ್ತಿತ್ತು, ಇನ್‌ಕ್ಯುಬೇಟರ್ (ಹೊಸ ಕಂಪನಿಗಳಿಗೆ ನೆರವಾಗುವ ಸಂಸ್ಥೆ) ಮೂಲಕ. ಸ್ಟಾರ್ಟಪ್‌ಗಳಿಗೆ ನಮ್ಮ ರಾಜ್ಯದ್ದೇ ಅನುದಾನ ಯೋಜನೆ ಎಲಿವೇಟ್ ಕೂಡ ಇದೆ.

ನಿಮ್ಮ 4 ಲಕ್ಷದಲ್ಲಿ ಸದ್ಯಕ್ಕೆ 40 ಸಾವಿರ ಮಾತ್ರ ಹೊರಗೆ ತೆಗೆಯಿರಿ. ಐದು ಬೋರ್ಡು ಮಾಡಿಸಿ, ಐದು ಬೇರೆ ಬೇರೆ ತೋಟಕ್ಕೆ ಹಾಕಿ. ಒಂದು ಮಳೆಗಾಲ ಅಲ್ಲೇ ಇರಲಿ, ಸಿಡಿಲಿಗೆ ಎಷ್ಟು ಉಳಿಯುತ್ತವೆ ನೋಡಿ. ಆ ಕಂಪನಿಗೆ ಫೋನ್ ಮಾಡೋದು ಆಮೇಲೆ.