ಚಿಕಾಗೊದ ಶೌಚಾಲಯ ಮತ್ತು ನಮ್ಮದೊಂದು ತಪ್ಪು

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ‘ರೋಟರಿ ಕ್ಲಬ್ 1905ರಲ್ಲಿ ಸಮಾಜಸೇವೆಗೆಂದೇ ಹುಟ್ಟಿತು’ ಎಂದು ಬರೆದಿದ್ದೀರಿ. ನಾನು ತಿಳಿದಂತೆ ಅದು ವ್ಯಾಪಾರಸ್ಥರು ಒಬ್ಬರಿಗೊಬ್ಬರು ಗಿರಾಕಿ ಒದಗಿಸಿಕೊಳ್ಳಲು ಕಟ್ಟಿಕೊಂಡ ಕೂಟ. ನಮ್ಮೂರಿನ ಬಸ್ ತಂಗುದಾಣದ ಮೇಲೆ ಊರಿನ ಹೆಸರಿಗಿಂತ ಕ್ಲಬ್ಬಿನ ಹೆಸರೇ ದಪ್ಪ ಅಕ್ಷರದಲ್ಲಿದೆ. ಇದನ್ನು ಸೇವೆಯ ಇತಿಹಾಸ ಎನ್ನುವುದು ಹೇಗೆ?” – ಓದುಗರೊಬ್ಬರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ಮಾನ್ಯರೇ, ತಮ್ಮ ಆಕ್ಷೇಪಣೆಯ ಮೊದಲ ಭಾಗ ಸರಿಯಾಗಿದೆ, ತಪ್ಪು ನಮ್ಮದು. 1905ರ ಫೆಬ್ರವರಿ 23ರ ಸಂಜೆ ಚಿಕಾಗೊದ ಯೂನಿಟಿ ಕಟ್ಟಡದ 711ನೇ ಕೊಠಡಿಯಲ್ಲಿ ಕಲೆತ ನಾಲ್ವರಲ್ಲಿ ಪಾಲ್ ಹ್ಯಾರಿಸ್ ವಕೀಲ, ಸಿಲ್ವೆಸ್ಟರ್ ಶೀಲೆ ಕಲ್ಲಿದ್ದಲು ವ್ಯಾಪಾರಿ, ಗುಸ್ಟಾವಸ್ ಲೋಯರ್ ಗಣಿ ಎಂಜಿನಿಯರ್, ಹೈರಮ್ ಶೋರಿ ದರ್ಜಿ ಅಂಗಡಿಯ ಮಾಲೀಕ. ಸಮಾಜವನ್ನು ಉದ್ಧರಿಸುವ ಮಾತು ಅಲ್ಲಿ ಬಂದಿರಲಿಲ್ಲ. ಅಜ್ಜ ಅಜ್ಜಿಯ ಮನೆಯಲ್ಲಿ, ವರ್ಮಾಂಟ್‌ನ ಸಣ್ಣ ಊರೊಂದರಲ್ಲಿ ಬೆಳೆದ ಹ್ಯಾರಿಸರಿಗೆ ಆ ಮಹಾನಗರದಲ್ಲಿ ಪರಿಚಯಸ್ಥರಿದ್ದರೇ ಹೊರತು ಗೆಳೆಯರಿರಲಿಲ್ಲ. ಆ ಒಂಟಿತನವೇ ಕ್ಲಬ್ಬಿನ ಮೂಲ. ಸರದಿಯ ಮೇಲೆ ಒಬ್ಬೊಬ್ಬ ಸದಸ್ಯರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ಅದಕ್ಕೆ ರೋಟರಿ (ಸುತ್ತುವ) ಎಂಬ ಹೆಸರು ಬಂತು. ಒಂದು ಕಸುಬಿಗೆ ಒಬ್ಬನೇ ಸದಸ್ಯ ಎಂಬ ನಿಯಮವಿತ್ತು, ಅಂದರೆ ಒಳಗಿದ್ದವರಿಗೆ ಪೈಪೋಟಿಯೇ ಇರಲಿಲ್ಲ. ಯಾರಿಂದ ಯಾರಿಗೆ ಎಷ್ಟು ವ್ಯಾಪಾರ ಸಿಕ್ಕಿತೆಂದು ಲೆಕ್ಕ ಬರೆದಿಡುವುದಕ್ಕೂ ಒಬ್ಬರು ನೇಮಕವಾಗಿದ್ದರು. 1906ರ ನಿಯಮಾವಳಿ ಹೇಳಿದ ಧ್ಯೇಯಗಳು ಎರಡೇ: ಸದಸ್ಯರ ವ್ಯಾಪಾರದ ಏಳಿಗೆ ಮತ್ತು ಅವರೊಳಗಿನ ಸ್ನೇಹ.

ಆದರೆ ತಾವು ಈಗ ಎತ್ತಿರುವ ಪ್ರಶ್ನೆಯನ್ನೇ ಅದೇ ವರ್ಷ ಒಬ್ಬರು ಎತ್ತಿದ್ದರು ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಪೇಟೆಂಟ್ ವಕೀಲ ಡೊನಾಲ್ಡ್ ಕಾರ್ಟರ್ ಅವರನ್ನು ಸದಸ್ಯರಾಗಲು ಕರೆದಾಗ, ತನ್ನವರ ಲಾಭವನ್ನಷ್ಟೇ ನೋಡಿಕೊಳ್ಳುವ, ಊರಿಗೆ ಯಾವ ಉಪಕಾರವನ್ನೂ ಮಾಡದ ಸಂಸ್ಥೆ ಬಹುಕಾಲ ಬಾಳದು ಎಂದು ಅವರು ಹಿಂದೆ ಸರಿದರು. ಕ್ಲಬ್ಬಿನವರು ಮುನಿಸಿಕೊಳ್ಳದೆ, ಹಾಗಿದ್ದರೆ ನೀವೇ ಒಳಗೆ ಬಂದು ಅದನ್ನು ತಿದ್ದಿ ಎಂದರು. ಚಿಕಾಗೊ ನಗರದ ಹಿತವನ್ನು ಸಾಧಿಸುವುದು ಎಂಬ ಮೂರನೆಯ ಧ್ಯೇಯ ನಿಯಮಾವಳಿಗೆ ಸೇರಿದ್ದು ಹೀಗೆ. ನಮ್ಮ ಲೇಖನ ಹುಟ್ಟಿನಲ್ಲಿಯೇ ಇತ್ತೆಂದು ಹೇಳಿದ ಸೇವಾಭಾವ, ಹೊರಗಿನವರೊಬ್ಬರ ಟೀಕೆಯಿಂದ ಆಮೇಲೆ ಬಂದದ್ದು.

ಅವರು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸ ಯಾರೂ ಹಾರ ಹಾಕದಂಥದ್ದು: ನಗರದ ನಡುಭಾಗದಲ್ಲಿ ಸಾರ್ವಜನಿಕ ಶೌಚಾಲಯ. ಇದಕ್ಕೆ ಎರಡು ಕಡೆಯಿಂದ ವಿರೋಧ ಬಂತು. ಗಂಡಸರಿಗೆ ಮದ್ಯದಂಗಡಿಗಳಲ್ಲಿ ಆ ಸೌಕರ್ಯ ಇದ್ದೇ ಇದೆಯೆಂದು ಬಿಯರ್ ತಯಾರಕರ ಸಂಘ ವಾದಿಸಿದರೆ, ಹೆಂಗಸರಿಗೆ ನಮ್ಮ ಮಳಿಗೆಗಳಲ್ಲಿದೆಯಲ್ಲ ಎಂದು ಸ್ಟೇಟ್ ಸ್ಟ್ರೀಟ್‌ನ ದೊಡ್ಡ ಅಂಗಡಿಗಳವರು ಹೇಳಿದರು. ಗಂಡಸು ಅದಕ್ಕಾಗಿ ಒಂದು ಲೋಟ ಬಿಯರ್ ಕೊಳ್ಳಬೇಕು, ಹೆಂಗಸು ಏನಾದರೊಂದು ಸಾಮಾನು ಕೊಳ್ಳಬೇಕು ಎಂಬುದು ಕ್ಲಬ್ಬಿನವರ ಮರುವಾದ. (ಪ್ರಯಾಣದಲ್ಲಿ ಈ ಕಾರಣಕ್ಕಷ್ಟೇ ಹೋಟೆಲಿಗೆ ನುಗ್ಗಿ ಬೇಡದ ಕಾಫಿ ಕುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.) 1907ರಲ್ಲಿ ತೊಡಗಿದ ಈ ಒತ್ತಾಯದ ಫಲವಾಗಿ 1909ರಲ್ಲಿ ನಗರಸಭೆಯ ಕಟ್ಟಡದ ಬಳಿ ಶೌಚಾಲಯ ತೆರೆಯಿತು. ಅದನ್ನು ಕಟ್ಟಿಸಿದ್ದು ನಗರಾಡಳಿತ. ಕ್ಲಬ್ ಮಾಡಿದ್ದು ಇತರ ಸಂಘಗಳನ್ನು ಜೊತೆಗೂಡಿಸಿ ಬೆನ್ನು ಬಿಡದೆ ಒತ್ತಾಯಿಸುವ ಕೆಲಸವನ್ನು. ನನ್ನ ದೃಷ್ಟಿಯಲ್ಲಿ, ಒಂದು ಕಲ್ಲುಬೆಂಚು ದಾನ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಇದು ಕಷ್ಟದ ಸೇವೆ.

ಹಾಗೆಂದು ಲಾಭದ ಮಾತನ್ನು ಅವರು ಬಿಟ್ಟುಬಿಟ್ಟರೆಂದು ಹೇಳಲಾರೆ. ಎಲ್ಲರಿಗಿಂತ ಚೆನ್ನಾಗಿ ಸೇವೆ ಮಾಡಿದವನೇ ಹೆಚ್ಚು ಲಾಭ ಪಡೆಯುತ್ತಾನೆ ಎಂಬ, ಕ್ಲಬ್ಬಿನ ಸದಸ್ಯ ಆರ್ಥರ್ ಶೆಲ್ಡನ್ನರ ಮಾತು 1911ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ರೋಟರಿ ಸಮಾವೇಶದಲ್ಲಿ ಮೆಚ್ಚುಗೆ ಗಳಿಸಿತು. ಸ್ವಾರ್ಥಕ್ಕಿಂತ ಸೇವೆ ಮಿಗಿಲು ಎಂಬ ಇನ್ನೊಂದು ಮಾತಿನ ಜೊತೆಗೇ 1950ರಲ್ಲಿ ಅಧಿಕೃತ ಧ್ಯೇಯವಾಕ್ಯವೂ ಆಯಿತು. ಹೆಂಗಸರ ವಿಷಯದಲ್ಲಂತೂ ಈ ಸಂಸ್ಥೆಯ ನಡೆಯನ್ನು ಸಮರ್ಥಿಸುವ ಇಚ್ಛೆ ನನಗಿಲ್ಲ. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಊರಿನ ಕ್ಲಬ್ 1977ರಲ್ಲಿ ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ಮರುವರ್ಷವೇ ಅದರ ಮಾನ್ಯತೆ ರದ್ದಾಯಿತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಹಿಳೆಯರ ಪರವಾಗಿ ತೀರ್ಪಿತ್ತ ಮೇಲೆ, 1989ರಲ್ಲಿ ಗಂಡಸರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮವನ್ನು ಎಲ್ಲೆಡೆ ಬದಲಿಸಲಾಯಿತು. ಶೌಚಾಲಯಕ್ಕಾಗಿ ಹೆಂಗಸರ ಪರ ವಾದಿಸಿದವರಿಗೆ ಅವರನ್ನು ಊಟದ ಮೇಜಿಗೆ ಕರೆಯಲು ಇನ್ನೂ ಎಂಬತ್ತು ವರ್ಷ ಬೇಕಾಯಿತು.

ನಮ್ಮ ದೇಶಕ್ಕೆ ನೇರವಾಗಿ ಸಂಬಂಧಿಸಿದ್ದು ಪೋಲಿಯೊ ತಡೆಯಲು ರೋಟರಿ ಮಾಡಿದ ಕೆಲಸ. 1979ರಲ್ಲಿ ಫಿಲಿಪ್ಪೀನ್ಸ್‌ನ ಸುಮಾರು 60 ಲಕ್ಷ ಮಕ್ಕಳಿಗೆ ಲಸಿಕೆ ಒದಗಿಸುವ ಯೋಜನೆಯಿಂದ ಇದು ಆರಂಭವಾಗಿ, 1985ರಲ್ಲಿ ಲೋಕವ್ಯಾಪಿ ಕಾರ್ಯಕ್ರಮವಾಯಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು ಜೊತೆಗೂಡಿದವು. ಆಗ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳಿಗೆ ಈ ರೋಗ ತಗಲುತ್ತಿತ್ತೆಂದು ಅಂದಾಜು. ಭಾರತದಲ್ಲಿ 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾಯಿತು, ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡಿತು, 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ನಾವಿರುವ ಆಗ್ನೇಯ ಏಷ್ಯಾ ವಲಯವೇ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಈ ಕೀರ್ತಿಯನ್ನು ಇಡಿಯಾಗಿ ರೋಟರಿಗೆ ಒಪ್ಪಿಸುವುದು ಮತ್ತೊಂದು ತಪ್ಪಾದೀತು. ಲಸಿಕೆಯ ಪೆಟ್ಟಿಗೆ ಹೊತ್ತು ಮನೆಮನೆಗೆ ಹೋದವರು, ಮಗುವಿನ ಕಿರುಬೆರಳಿಗೆ ಮಸಿಯ ಗುರುತು ಹಾಕಿದವರು, ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದವರು ಬಹುಪಾಲು ಆರೋಗ್ಯ ಇಲಾಖೆಯ ಸಹಾಯಕಿಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು. ಕ್ಲಬ್ಬುಗಳು ಹಣ ಕೂಡಿಸಿದವು, ಬ್ಯಾನರ್ ಕಟ್ಟಿದವು, ಬೂತ್‌ಗಳಲ್ಲಿ ಕುಳಿತವರಿಗೆ ಊಟ ಒದಗಿಸಿದವು, ವಾಹನ ಕೊಟ್ಟವು. ಬ್ಯಾನರಿನಲ್ಲಿ ಹೆಸರಿದ್ದದ್ದು ಯಾರದೆಂದು ತಾವು ಕೇಳುವಿರಿ, ಕೇಳಬೇಕಾದ್ದೇ.

ತಂಗುದಾಣದ ವಿಷಯಕ್ಕೆ ಬರುತ್ತೇನೆ. ಹೆಸರಿನ ಹಂಬಲ ಈ ಕ್ಲಬ್ಬುಗಳು ತಂದದ್ದಲ್ಲ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆದು ಅರ್ಧ ಬೆಳಕನ್ನು ಮುಚ್ಚುವ ನಾಡು ನಮ್ಮದು. ಆದರೂ ಫಲಕವೊಂದನ್ನೇ ನೋಡಿ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಚಿಕಾಗೊದ ಶೌಚಾಲಯವನ್ನು ನೆನೆದರೆ ನನಗೆ ಬೇರೆಯೇ ಅಳತೆಗೋಲು ಕಾಣುತ್ತದೆ: ಅಲ್ಲಿ ಬಸ್ಸಿಗೆ ಕಾಯುವವರಿಗೆ ಮಳೆಗಾಲದಲ್ಲಿ ನೀರು ಎರಚುವುದಿಲ್ಲವೇ, ಕುಸಿದ ಹೆಂಚನ್ನು ಮರುವರ್ಷ ಯಾರಾದರೂ ಬಂದು ಹೊದಿಸಿದರೇ ಎಂದು ಕೇಳಬೇಕು.

ಕಳೆದ ಸಂಚಿಕೆಯ ಆ ವಾಕ್ಯಕ್ಕೆ ತಿದ್ದುಪಡಿಯನ್ನು ಮುಂದಿನ ಸಂಚಿಕೆಯ ಮೊದಲ ಪುಟಗಳಲ್ಲಿಯೇ ಪ್ರಕಟಿಸುತ್ತೇವೆ. ತಾವು ಇನ್ನೊಮ್ಮೆ ಬರೆಯುವುದಾದರೆ, ತಮ್ಮೂರಿನ ಆ ನಿಲ್ದಾಣದಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ, ಇದ್ದರೆ ಅದರ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ದಯವಿಟ್ಟು ತಿಳಿಸಿ.

– ಸಂ.