ಸಂಗೀತವನ್ನು ಚಪ್ಪರಿಸಬಹುದೆ?

ಪ್ರಶ್ನೆ: ಸಂಗೀತ ಕಛೇರಿಯೊಂದನ್ನು ಕುರಿತ ಬರಹದಲ್ಲಿ ‘ಶ್ರೋತೃಗಳು ರಾಗವಿಸ್ತಾರವನ್ನು ಚಪ್ಪರಿಸಿದರು’ ಎಂದು ಬರೆದಿದ್ದೆ. ಚಪ್ಪರಿಸುವುದು ತಿನಿಸಿಗೆ ಮಾತ್ರ ಸಲ್ಲುವ ಮಾತು ಎಂದು ಸ್ನೇಹಿತರು ಆಕ್ಷೇಪಿಸಿದರು. ಈ ಪ್ರಯೋಗ ತಪ್ಪೆ? ‘ಸವಿ’, ‘ಆಸ್ವಾದಿಸು’ ಎಂಬುವಕ್ಕಿಂತ ಇದರ ಅರ್ಥ ಬೇರೆಯೆ?

ಉತ್ತರ: ಆಕ್ಷೇಪದಲ್ಲಿ ಹುರುಳಿದೆ, ಆದರೆ ನಿಮ್ಮ ಸ್ನೇಹಿತರು ಕೊಟ್ಟ ಕಾರಣ ಸರಿಯಲ್ಲ.

‘ಚಪ್ಪರಿಸು’ ಎಂಬ ಕ್ರಿಯಾಪದದಲ್ಲಿ ನಾಲಿಗೆ ಅಂಗುಳನ್ನು ತಾಗಿ ಬಿಡುವಾಗಿನ ‘ಚಪ್’ ಎಂಬ ಸದ್ದೇ ಕೇಳಿಸುತ್ತದೆ. ಬೆನ್ನು ಚಪ್ಪರಿಸುವ ಅಂಗೈ ಮಾಡುವುದೂ ಅಂಥದೇ ಸದ್ದು. ‘ಬಾಯಿ ಚಪ್ಪರಿಸಿಕೊಂಡು ತಿಂದ’ ಎಂಬಲ್ಲಿ ಕರ್ಮಪದ ಬಾಯಿ. ‘ಉಪ್ಪಿನಕಾಯಿಯನ್ನು ಚಪ್ಪರಿಸಿದ’ ಎಂಬಲ್ಲಿ ಆ ಸ್ಥಾನ ತಿನಿಸಿಗೆ ಸಂದಿದೆ. ‘ಪರರ ಮನೆಯ ಸುದ್ದಿಯನ್ನು ಚಪ್ಪರಿಸಿದ’ ಎನ್ನುವಾಗ ತಿನಿಸೂ ಉಳಿದಿಲ್ಲ. ಮೂರೂ ಸಾಧುವಾದ ಬಳಕೆಗಳೇ.

ನಾಲಿಗೆಯ ಮಾತನ್ನು ಕಲೆಗೆ ತರಬಾರದೆಂಬ ವಾದವೂ ನಿಲ್ಲುವುದಿಲ್ಲ. ಬಗೆಬಗೆಯ ವ್ಯಂಜನಗಳಿಂದ ಸಿದ್ಧವಾದ ಅನ್ನವನ್ನು ಉಣ್ಣುವವರು ರಸಗಳನ್ನು ಆಸ್ವಾದಿಸುವಂತೆ ಪ್ರೇಕ್ಷಕರು ಸ್ಥಾಯಿಭಾವಗಳನ್ನು (ರತಿ, ಶೋಕ ಮುಂತಾದ ನೆಲೆನಿಂತ ಭಾವಗಳನ್ನು) ಆಸ್ವಾದಿಸುತ್ತಾರೆಂದು ಭರತನ ನಾಟ್ಯಶಾಸ್ತ್ರದ 6ನೆಯ ಅಧ್ಯಾಯವೇ ಹೇಳುತ್ತದೆ. ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನಂತೂ ರಸಾನುಭವಕ್ಕೆ ‘ಚರ್ವಣಾ’ ಎಂದ, ಅಂದರೆ ಅಗಿಯುವುದು. (ಅದೇ ಧಾತುವಿನ ‘ಚರ್ವಿತಚರ್ವಣ’ ಮಾತ್ರ ಹೇಳಿದ್ದನ್ನೇ ಹೇಳುವವರ ಪಾಲಿಗೆ ಬಂದಿದೆ.) ‘ಮಜಾ’ ಎಂಬುದಕ್ಕೂ ಮೂಲವಾದ ಪಾರಸಿಯಲ್ಲಿ ರುಚಿಯೆಂದೇ ಅರ್ಥ.

ತೊಡಕಿರುವುದು ‘ಚಪ್ಪರಿಸು’ ಎಂಬುದರ ಧಾಟಿಯಲ್ಲಿ. ‘ಸವಿ’ ಅಚ್ಚಗನ್ನಡ ಪದ. ಸವಿಯುವವನು ಮೌನವಾಗಿರಬಹುದು, ಅವನ ಸುಖ ಪಕ್ಕದವನಿಗೆ ತಿಳಿಯಲೇಬೇಕೆಂದಿಲ್ಲ. ‘ಆಸ್ವಾದಿಸು’ ಎಂಬುದರಲ್ಲಿ ಸಂಯಮವೂ ತುಸು ಪಾಂಡಿತ್ಯದ ಗಾಂಭೀರ್ಯವೂ ಇವೆ. ಚಪ್ಪರಿಸುವವನ ಸುಖವಾದರೋ ಹೊರಗೆ ಕಾಣಿಸುತ್ತದೆ, ಕೇಳಿಸುತ್ತದೆ. ಅದರಲ್ಲಿ ಇನ್ನಷ್ಟು ಬೇಕೆಂಬ ಚಪಲವಿದೆ, ಸಂಕೋಚವಿಲ್ಲ. ಆದ್ದರಿಂದಲೇ ಹಾಸ್ಯಪ್ರಸಂಗ, ಚಾಟೂಕ್ತಿ, ಕೀಟಲೆಯ ಕಥೆಗಳಿಗೆ ಅದು ಸೊಗಸಾಗಿ ಹೊಂದುತ್ತದೆ. ಪರನಿಂದೆಯ ಜೊತೆ ಬಂದಾಗ ಕೇಳುಗನ ಮೇಲೆಯೇ ಸಣ್ಣ ಆಕ್ಷೇಪವನ್ನೂ ಹೊರಿಸುತ್ತದೆ.

ಕಣ್ಣು ಮುಚ್ಚಿ ಕೇಳುವ ವಿಳಂಬದ ಆಲಾಪನೆಗೆ ಈ ಪದ ಒಗ್ಗದು; ಅಲ್ಲಿ ‘ಸವಿದರು’ ಎಂದರೆ ಸಾಕು. ಅದೇ ಕಛೇರಿಯಲ್ಲಿ ತನಿ ಆವರ್ತನದ, ಅಂದರೆ ಮೃದಂಗ ಮೊದಲಾದ ತಾಳವಾದ್ಯಗಳು ಮಾತ್ರ ನುಡಿಯುವ ಭಾಗದ, ಲಯದ ಚಮತ್ಕಾರಗಳಿಗೆ ಸಭಿಕರು ತೊಡೆ ತಟ್ಟುತ್ತ ‘ಭಲೆ’ ಎಂದಿದ್ದರೆ, ಚಪ್ಪರಿಸಿದರೆಂದು ಧಾರಾಳವಾಗಿ ಬರೆಯಿರಿ.