‘ಗೆಟ್’ ಅಂದ್ರೆ ಸಿಗೋದಾ, ಆಗೋದಾ, ಮಾಡಿಸೋದಾ?

ಪ್ರಶ್ನೆ: ನಾನು ಇಂಗ್ಲಿಷ್ ಮಾತಾಡೋದು ಕಲೀತಾ ಇದ್ದೀನಿ. ಗೆಟ್ ಅಂದ್ರೆ ಪಡೆಯುವುದು ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೆ, ಈಗ ನೋಡಿದ್ರೆ ಗೆಟ್ ಆಂಗ್ರಿ, ಗೆಟ್ ಹೋಮ್, ಐ ಡೋಂಟ್ ಗೆಟ್ ಇಟ್ ಅಂತ ಎಲ್ಲಾ ಕಡೆನೂ ಅದೇ ಪದ ಬರುತ್ತೆ. ಇಷ್ಟೊಂದು ಅರ್ಥ ಹೇಗೆ ನೆನಪಿಟ್ಕೊಳ್ಳೋದು?

ಉತ್ತರ: ದಯವಿಟ್ಟು ಅರ್ಥಗಳ ಪಟ್ಟಿ ಮಾಡಿ ಉರು ಹೊಡೀಬೇಡಿ. ಗೆಟ್ ಒಂದನ್ನೇ ಇಟ್ಕೊಂಡು ನೋಡಿದ್ರೆ ಅರ್ಥ ಬಿಟ್ಟುಕೊಡಲ್ಲ, ಅದರ ಬೆನ್ನಿಗೆ ಏನು ಬಂದಿದೆ ಅಂತ ನೋಡಿ, ಅರ್ಧ ಕೆಲಸ ಅಲ್ಲೇ ಮುಗೀತು.

ಗೆಟ್ ಆದ್ಮೇಲೆ ಒಂದು ವಸ್ತು ಬಂದ್ರೆ ಅದು ಸಿಗೋದು ಅಥವಾ ಬರೋದು. ಐ ಗಾಟ್ ಎ ಲೆಟರ್ ಅಂದ್ರೆ ನಂಗೊಂದು ಲೆಟರ್ ಬಂತು, ‘ನಾನು ಪತ್ರವನ್ನು ಪಡೆದೆನು’ ಅಂತ ನಾವ್ಯಾರೂ ಮಾತಲ್ಲಿ ಹೇಳಲ್ಲ ಅಲ್ವಾ. ನಾವು ‘ನಂಗೆ’ ಅನ್ನೋ ಕಡೆ ಇಂಗ್ಲಿಷಲ್ಲಿ ‘ಐ’ ಬಂದು ಕೂರುತ್ತೆ, ಗೊಂದಲ ಶುರುವಾಗೋದೇ ಅಲ್ಲಿ. ನಂಗೆ ನೆಗಡಿ ಆಯ್ತು ಅನ್ನೋದೂ ಹಾಗೇನೆ, ಐ ಗಾಟ್ ಎ ಕೋಲ್ಡ್.

ಗುಣ ಹೇಳೋ ಪದ ಬಂದ್ರೆ ಅದು ನಮ್ಮ ‘ಆಗು’. ಇಟ್ಸ್ ಗೆಟ್ಟಿಂಗ್ ಡಾರ್ಕ್, ಕತ್ತಲಾಗ್ತಾ ಇದೆ. ಇಟ್ಸ್ ಡಾರ್ಕ್ ಅಂದ್ರೆ ಕತ್ತಲಾಗಿದೆ, ಆಗಿ ಮುಗಿದಿದೆ. ಜಾಗ ಬಂದ್ರೆ ತಲುಪೋದು, ಗೆಟ್ ಟು ದ ಸ್ಟೇಷನ್, ಆದ್ರೆ ಹೋಮ್, ಹಿಯರ್, ದೇರ್ ಜೊತೆ ‘ಟು’ ಹಾಕ್ಬಾರ್ದು. ಐ ಡೋಂಟ್ ಗೆಟ್ ಇಟ್ ಅಂದ್ರೆ ಅರ್ಥ ಆಗ್ತಿಲ್ಲ, ಅಷ್ಟೇ.

ನನಗೆ ತುಂಬಾ ಇಷ್ಟದ ಜಾಗ ಮುಂದಿನದು, ತುಂಬಾ ಜನ ತಪ್ಪು ಮಾಡೋದೂ ಇಲ್ಲೇ. ಕೂದಲು ಕಟ್ ಮಾಡಿಸ್ದೆ ಅಂತ ಹೇಳೋಕೆ ಹೋಗಿ ಐ ಕಟ್ ಮೈ ಹೇರ್ ಅಂತೀವಿ, ಕೇಳಿದವರು ಇವರೇ ಕತ್ತರಿ ಹಿಡಿದು ಕಟ್ ಮಾಡ್ಕೊಂಡ್ರು ಅಂದ್ಕೋತಾರೆ. ಕನ್ನಡದಲ್ಲಿ ‘ಮಾಡು’ಗೆ ‘ಇಸು’ ಸೇರಿಸಿ ಮಾಡಿಸು ಅಂತ ಮಾಡ್ತೀವಲ್ಲ, ಆ ‘ಇಸು’ ಕೆಲಸಾನ ಇಂಗ್ಲಿಷಲ್ಲಿ ಗೆಟ್ ಮಾಡುತ್ತೆ: ಐ ಗಾಟ್ ಮೈ ಹೇರ್ ಕಟ್. ಗಾಡಿ ರಿಪೇರಿ ಮಾಡಿಸ್ದೆ, ಐ ಗಾಟ್ ಮೈ ಬೈಕ್ ರಿಪೇರ್ಡ್. ಯಾರ ಕೈಲಿ ಮಾಡಿಸಿದ್ರಿ ಅಂತ ಹೇಳ್ಬೇಕಾದ್ರೆ ‘ಟು’ ಬೇಕು, ಐ ಗಾಟ್ ಹಿಮ್ ಟು ಸೈನ್, ಅಂದ್ರೆ ಹೇಗೋ ಒಪ್ಪಿಸಿ ಸೈನ್ ಹಾಕಿಸ್ದೆ. ಐ ಮೇಡ್ ಹಿಮ್ ಸೈನ್ ಅಂದಾಗ ‘ಟು’ನೂ ಇಲ್ಲ, ಒಪ್ಪಿಸೋದೂ ಇಲ್ಲ, ಅದರಲ್ಲಿ ಬಲವಂತ ಇದೆ.

ಗಾಟ್ ಮೈ ಹೇರ್ ಕಟ್ ಅನ್ನೋ ರಚನೆ ಬೇಡದೇ ಆದದ್ದಕ್ಕೂ ಬರುತ್ತೆ. ಹಿ ಗಾಟ್ ಹಿಸ್ ಫಿಂಗರ್ ಕಾಟ್ ಇನ್ ದ ಡೋರ್ ಅಂದ್ರೆ ಯಾರೂ ಬೇಕು ಅಂತ ಮಾಡಿಸಿದ್ದಲ್ಲ, ಬೆರಳು ಬಾಗಿಲಿಗೆ ಸಿಕ್ಕಿಸ್ಕೊಂಡ. ನೋಡಿ, ಇಲ್ಲೂ ನಮ್ಮ ‘ಇಸು’ ಇದೆ! ಯಾವುದು ಬೇಕಂತ ಮಾಡಿಸಿದ್ದು ಯಾವುದು ತಾನಾಗೇ ಆದದ್ದು ಅಂತ ಎರಡೂ ಭಾಷೆಲಿ ಸಂದರ್ಭನೇ ಹೇಳ್ಬೇಕು.

ಇನ್ನು ಹ್ಯಾವ್ ಗಾಟ್. ಐ ಹ್ಯಾವ್ ಗಾಟ್ ಎ ಕಾರ್ ಅಂದ್ರೆ ಸಾಮಾನ್ಯವಾಗಿ ಕಾರು ಇದೆ ಅಂತ. ಅಮೆರಿಕದವರು ಐ ಹ್ಯಾವ್ ಗಾಟನ್ ಎ ಕಾರ್ ಅಂದ್ರೆ ಕಾರು ತಗೊಂಡಿದ್ದೀನಿ ಅಂತ, ಬ್ರಿಟಿಷರು ಈಗ ಗಾಟನ್ ಅಷ್ಟಾಗಿ ಬಳಸಲ್ಲ, ಎರಡನ್ನೂ ತಪ್ಪು ಅನ್ನೋ ಹಾಗಿಲ್ಲ.

ಅಂದಹಾಗೆ ಈ ಗೆಟ್ ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾದ ಜನರ ಹಳೆ ನಾರ್ಸ್ ಭಾಷೆಯಿಂದ ಬಂದದ್ದು. ಅದಕ್ಕೆ ಸಂಬಂಧಪಟ್ಟ ಒಂದು ಪದಮೂಲ ಇಂಗ್ಲಿಷಲ್ಲಿ ಮೊದಲೇ ಇತ್ತು, ಆದ್ರೆ ಬೇರೆ ಪದದ ಜೊತೆ ಅಂಟ್ಕೊಂಡೇ ಇರ್ತಿತ್ತು, ಫರ್ಗೆಟ್ ಒಳಗಿರೋದು ಅದೇ.

ಮಾತಲ್ಲಿ ಧಾರಾಳವಾಗಿ ಗೆಟ್ ಬಳಸಿ. ಕೆಲಸಕ್ಕೆ ಅರ್ಜಿ ಬರೆಯುವಾಗ ಮಾತ್ರ ರಿಸೀವ್, ಬಿಕಮ್ ಥರದ್ದು ಹಾಕಿ. ನಾಳೆಯಿಂದ ಒಂದು ವಾರ ‘ಮಾಡಿಸ್ದೆ’ ಅಂತ ಬಾಯಿಗೆ ಬಂದಾಗೆಲ್ಲ ಅದನ್ನೇ ಗಾಟ್ ಹಾಕಿ ಇಂಗ್ಲಿಷಲ್ಲಿ ಒಂದ್ಸಲ ಹೇಳ್ಕೊಳ್ಳಿ.